ಮೂಗಿನ ಹಿಂದಣ ಕತ್ತಲ ಕೋಣೆಗಳು

ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಶೆರ್‌ಬೋರ್ನ್ ಎಂಬ ಊರಿನಲ್ಲಿ ನಥಾನಿಯಲ್ ಹೈಮೋರ್ ಎಂಬ ವೈದ್ಯನಿದ್ದ. ರಕ್ತಪರಿಚಲನೆಯನ್ನು ಸಿದ್ಧಪಡಿಸಿ ತೋರಿಸಿದ ವಿಲಿಯಂ ಹಾರ್ವೆಯ ಮಿತ್ರನೀತ. 1651ರಲ್ಲಿ ಪ್ರಕಟಿಸಿ ಹಾರ್ವೆಗೇ ಅರ್ಪಿಸಿದ ತನ್ನ ಅಂಗರಚನಾಶಾಸ್ತ್ರದ ಗ್ರಂಥದಲ್ಲಿ ಈತ ತನ್ನ ಬಳಿಗೆ ಬಂದ ಹೆಂಗಸೊಬ್ಬಳ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಆಕೆಗೆ ಬಹುಕಾಲದಿಂದ ಹಲ್ಲುಬೇನೆ. ಮೇಲ್ದವಡೆಯ ಹಲ್ಲೊಂದನ್ನು ಕೀಳಿಸಿದ್ದಾಯಿತು. ನೋವು ಹೋಗಲಿಲ್ಲ, ಬದಲಿಗೆ ಹಲ್ಲು ಇದ್ದ ಗುಳಿಯಿಂದ ಸದಾ ಕೀವು ಸುರಿಯತೊಡಗಿತು. ಕುತೂಹಲ ತಡೆಯಲಾರದೆ ಆಕೆ ಬೆಳ್ಳಿಯ ಕಡ್ಡಿಯೊಂದನ್ನು ಆ ರಂಧ್ರದೊಳಗೆ ತೂರಿಸಿ ನೋಡಿದಳು. ಕಡ್ಡಿ ಒಳಹೊಕ್ಕಿತು. ಆಮೇಲೆ ಹಕ್ಕಿಯ ಗರಿಯೊಂದರ ಎಳೆಗಳನ್ನೆಲ್ಲ ಕಿತ್ತು, ಅದರ ದಂಟನ್ನು ತೂರಿಸಿದಳು. ಅದೂ ಒಳಗೊಳಗೇ ಹೋಯಿತು, ತಡೆಯೇ ಇಲ್ಲ! ತನ್ನ ಮೆದುಳಿನವರೆಗೂ ರಂಧ್ರ ಬಿದ್ದಿದೆ ಎಂದು ಗಾಬರಿಗೊಂಡ ಆಕೆ ಹೈಮೋರನ ಬಳಿ ಓಡಿ ಬಂದಳು. ಕೆನ್ನೆಯ ಮೂಳೆಯೊಳಗೆ ಸ್ವಭಾವತಃ ಇರುವ ಟೊಳ್ಳೊಂದರಲ್ಲಿ ಆ ಗರಿ ಸುರುಳಿ ಸುತ್ತಿಕೊಂಡಿದೆಯೇ ಹೊರತು ಮೆದುಳಿಗೆ ಏನೂ ಆಗಿಲ್ಲ ಎಂದು ಆತ ಸಮಾಧಾನ ಹೇಳಿದ.

ಆ ಟೊಳ್ಳಿಗೆ ಮುಂದೆ ಹೈಮೋರನ ಹೆಸರೇ ನಿಂತಿತು. ಅದನ್ನು ಮೊದಲು ಕಂಡವನು ಆತನೇನೂ ಅಲ್ಲ. 1489ರಲ್ಲಿಯೇ ಲಿಯೊನಾರ್ಡೊ ಡ ವಿಂಚಿ ತಲೆಬುರುಡೆಯನ್ನು ಅರ್ಧಕ್ಕೆ ಕೊಯ್ದು, ಒಳಗಿನ ಈ ಕುಳಿಗಳನ್ನು ಸೊಗಸಾಗಿ ಚಿತ್ರಿಸಿದ್ದ. ಆದರೆ ಆ ಚಿತ್ರಗಳು ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ ಉಳಿದುವು. ರೋಗಕ್ಕೂ ಕುಳಿಗೂ ಗಂಟುಹಾಕಿದ ಕೀರ್ತಿ ಮಾತ್ರ ಶೆರ್‌ಬೋರ್ನಿನ ವೈದ್ಯನಿಗೂ ಆ ಧೈರ್ಯವಂತ ಹೆಂಗಸಿಗೂ ಸಲ್ಲಬೇಕು.

ನಮ್ಮ ಜನ ಸೇರಿದಲ್ಲೆಲ್ಲ "ನನಗೆ ಸೈನಸ್ ಇದೆ" ಎಂಬ ಮಾತು ಕೇಳಿಬರುತ್ತದೆ. ಸೈನಸ್ ಎಲ್ಲರಿಗೂ ಇದೆ; ಒಂದಲ್ಲ, ನಾಲ್ಕು ಜೋಡಿ. ಕೆನ್ನೆಯಲ್ಲಿ ಒಂದು ಜೋಡಿ, ಹಣೆಯಲ್ಲಿ ಒಂದು, ಎರಡು ಕಣ್ಣುಗಳ ನಡುವೆ ಜೇನುಗೂಡಿನಂತಹ ಸಣ್ಣ ಸಣ್ಣ ಕೋಶಗಳ ಗುಂಪು ಒಂದು ಜೋಡಿ, ತಲೆಯ ನಟ್ಟನಡುವೆ ಮೆದುಳಿನ ತಳಕ್ಕೆ ಅಂಟಿಕೊಂಡಂತೆ ಮತ್ತೊಂದು. ಎಲ್ಲವೂ ಮೂಗಿನೊಳಕ್ಕೆ ತೆರೆದುಕೊಳ್ಳುತ್ತವೆ. ಇವುಗಳ ಪೈಕಿ ದೊಡ್ಡದು ಕೆನ್ನೆಯ ಕುಳಿ. ಬೆಳೆದವರಲ್ಲಿ ಅದರ ಅಳತೆ ಸುಮಾರು 15 ಮಿಲಿಲೀಟರು. ಈ ಕುಳಿಯ ವಿಚಿತ್ರವೆಂದರೆ ಅದರ ಬಾಗಿಲು ತಳದಲ್ಲಿಲ್ಲ, ಮೇಲೆ, ಹೆಚ್ಚುಕಡಿಮೆ ಸೂರಿನ ಹತ್ತಿರ ಇದೆ. ನಮ್ಮ ಕೆರೆಗಳನ್ನು ಬಲ್ಲವರಿಗೆ ಹೀಗೆ ಹೇಳಿದರೆ ತಿಳಿದೀತು: ಇದು ತೂಬಿಲ್ಲದ ಕೆರೆ, ಇದಕ್ಕಿರುವುದು ಕೋಡಿ ಮಾತ್ರ. ಶೀತವಾಗಿಯೋ ಅಲರ್ಜಿಯಿಂದಲೋ ಒಳಪೊರೆ ಊದಿಕೊಂಡು ಆ ಕೋಡಿ ಮುಚ್ಚಿತೆಂದರೆ ಒಳಗಿನ ಲೋಳೆ ಅಲ್ಲೇ ನಿಲ್ಲುತ್ತದೆ. ನಿಂತ ನೀರಿನಲ್ಲಿ ಏನಾಗುವುದೋ ಅದು ಅಲ್ಲಿಯೂ ಆಗುತ್ತದೆ. ಕೆನ್ನೆ ಭಾರ, ಹಣೆನೋವು, ಬಗ್ಗಿದರೆ ತಲೆ ಸಿಡಿಯುವಂತಾಗುವುದು, ಗಂಟಲಿಗೆ ಇಳಿಯುವ ಹಳದಿ ಕಫ, ವಾಸನೆಯೇ ತಿಳಿಯದಿರುವುದು ಇವೆಲ್ಲ ಅದರ ಫಲ. ಮುನ್ನೂರು ವರ್ಷಗಳ ಚಿಕಿತ್ಸೆಯ ಚರಿತ್ರೆ ಈ ಕೆರೆಗೆ ತೂಬು ಕೊರೆಯುವ ಪ್ರಯತ್ನದ ಚರಿತ್ರೆಯೇ ಆಗಿದೆ.

ಆ ಕಡೆಗೆ ತಿರುಗುವ ಮುನ್ನ ನಮ್ಮ ಪ್ರಾಚೀನರು ಏನೆಂದರು ಎಂಬುದನ್ನು ನೋಡಬೇಕಷ್ಟೆ. ಸುಶ್ರುತ ಸಂಹಿತೆಯ ಉತ್ತರತಂತ್ರ ಮೂಗಿನ ರೋಗಗಳು ಮೂವತ್ತೊಂದು ಎಂದು ಎಣಿಸುತ್ತದೆ. ನೆಗಡಿಗೆ ಅಲ್ಲಿ ಪ್ರತಿಶ್ಯಾಯವೆಂದು ಹೆಸರು. ಅದನ್ನು ಅಲಕ್ಷಿಸಿದರೆ ದುಷ್ಟ ಪ್ರತಿಶ್ಯಾಯವಾಗಿ ತಿರುಗಿ ವಾಸನೆ, ಕಿವಿ, ಕಣ್ಣುಗಳಿಗೂ ಹಾನಿ ತಂದೀತು ಎಂಬ ಎಚ್ಚರಿಕೆ ಅಲ್ಲಿದೆ. ಕಣ್ಣಿನ ಮಾತಂತೂ ಅನುಭವದಿಂದ ಬಂದದ್ದೇ ಇರಬೇಕು. ಕಣ್ಣಿಗೂ ಪಕ್ಕದ ಸೈನಸ್ಸಿಗೂ ನಡುವೆ ಇರುವುದು ಕಾಗದದಷ್ಟು ತೆಳುವಾದ ಮೂಳೆ. ಚಿಕಿತ್ಸೆಯ ಕ್ರಮವೂ ಗಮನಾರ್ಹ: ಎಳೆಯ ನೆಗಡಿಯನ್ನು ಬೆವರಿಸಿ ಹಣ್ಣುಮಾಡಿ, ಆಮೇಲೆ ಶಿರೋವಿರೇಚನದಿಂದ ಹೊರಹಾಕಬೇಕು. ಮೂಗೇ ತಲೆಗೆ ಹೆಬ್ಬಾಗಿಲು ಎಂಬ ಭಾವನೆಯ ಮೇಲೆ ಚರಕ, ವಾಗ್ಭಟರು ನಸ್ಯವಿಧಿಯನ್ನೇ ಕಟ್ಟಿದರು. ಹತ್ತು ಬಾರಿ ಪಾಕಮಾಡಿ, ಕೊನೆಯ ಬಾರಿ ಆಡಿನ ಹಾಲು ಬೆರೆಸಿ ಕಾಯಿಸುವ ಚರಕನ ಅಣುತೈಲ ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತದೆ. ಮೂಲಿಕೆಗಳ ಬತ್ತಿಯನ್ನು ನಳಿಗೆಗೆ ಸಿಕ್ಕಿಸಿ ಹೊಗೆ ಸೇದುವ ಧೂಮಪಾನವೂ ಒಂದು ಚಿಕಿತ್ಸೆಯಾಗಿತ್ತು. ಅರಿಶಿನದ ಕೊಂಬಿನ ತುದಿಯನ್ನು ದೀಪಕ್ಕೆ ಹಿಡಿದು ಅದರ ಹೊಗೆಯನ್ನು ಮೂಗಿಗೆ ಎಳೆಸುತ್ತಿದ್ದ ನಮ್ಮ ಅಜ್ಜಿಯರ ಮದ್ದು ಈ ಪರಂಪರೆಯದೇ ಎಂದು ತೋರುತ್ತದೆ.

ಆದರೆ ಗ್ರಂಥಗಳಲ್ಲಿ ಬರುವ ಶೃಂಗಾಟಕವೆಂಬ ಮರ್ಮವೇ ಇಂದಿನ ಸೈನಸ್ಸು ಎಂದು ಸಾಧಿಸಹೊರಡುವ ಉತ್ಸಾಹ ನನಗೆ ಒಪ್ಪಿಗೆಯಾಗದು. ಪ್ರಾಚೀನರು ಲಕ್ಷಣಗಳನ್ನು ಬಲು ಸೂಕ್ಷ್ಮವಾಗಿ ಕಂಡರು. ಮೂಳೆಯೊಳಗಿನ ಕುಳಿ ಅವರ ಲೆಕ್ಕದಲ್ಲಿ ಇರಲಿಲ್ಲ. ಇದರಿಂದ ಅವರ ಗೌರವಕ್ಕೇನೂ ಕುಂದಿಲ್ಲ.

ಇಲ್ಲಿ ಒಂದು ಶಬ್ದದ ಕಥೆಯನ್ನು ಹೇಳಿಬಿಡುತ್ತೇನೆ. ಔಷಧಿಯ ಎಣ್ಣೆಯನ್ನು ಮೂಗಿಗೆ ಹಾಕುವುದು ನಸ್ಯ. ಪೋರ್ಚುಗೀಸರ ಹಡಗುಗಳಲ್ಲಿ ಹೊಗೆಸೊಪ್ಪು ನಮ್ಮ ಕರಾವಳಿಗೆ ಬಂದು, ಅದರ ಪುಡಿಯನ್ನು ಮೂಗಿಗೇರಿಸುವ ಚಟ ಹಬ್ಬಿದ ಮೇಲೆ ಕನ್ನಡದಲ್ಲಿ ಅದಕ್ಕೂ ನಶ್ಯವೆಂದೇ ಹೆಸರಾಯಿತು. ಹಳ್ಳಿಯ ಜಗಲಿಯ ಮೇಲೆ ಬೆಳ್ಳಿಯ ಡಬ್ಬಿ ತೆರೆದು ಚಿಟಿಕೆ ಏರಿಸಿ, ಧೋತರದ ತುದಿಯಲ್ಲಿ ಮೂಗೊರಸಿಕೊಳ್ಳುತ್ತಿದ್ದ ಹಿರಿಯರು ತಿಳಿದೋ ತಿಳಿಯದೆಯೋ ಚರಕನ ಶಬ್ದವನ್ನು ಬಳಸುತ್ತಿದ್ದರು. ಯೂರೋಪಿನಲ್ಲಿಯೂ ನಶ್ಯ ಬಂದದ್ದು ಔಷಧಿಯಾಗಿಯೇ. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೊ 1560ರ ಸುಮಾರಿಗೆ ರಾಣಿ ಕ್ಯಾಥರೀನ್ ಡಿ ಮೆಡಿಚಿಯ ಆಸ್ಥಾನಕ್ಕೆ ಹೊಗೆಸೊಪ್ಪನ್ನು ತಲೆನೋವಿನ ಮದ್ದೆಂದು ಕಳುಹಿಸಿದನಂತೆ. ನಿಕೋಟಿನ್ ಎಂಬ ಹೆಸರಿನಲ್ಲಿ ಆತ ಇನ್ನೂ ಬದುಕಿದ್ದಾನೆ.

ತೂಬು ಕೊರೆಯುವ ಕೆಲಸ ಇಂಗ್ಲೆಂಡಿನಲ್ಲಿ ಮೊದಲಾಯಿತು. ಶಸ್ತ್ರವೈದ್ಯ ವಿಲಿಯಂ ಕೌಪರ್ ದವಡೆ ಹಲ್ಲನ್ನು ಕಿತ್ತು ಅದರ ಗುಳಿಯ ಮೂಲಕ ಕೆನ್ನೆಯ ಕುಳಿಗೆ ದಾರಿಮಾಡಿ, ಕೀವನ್ನು ತೊಳೆದು ತೆಗೆಯುತ್ತಿದ್ದ ವಿಧಾನವನ್ನು ಜೇಮ್ಸ್ ಡ್ರೇಕ್ 1707ರಲ್ಲಿ ವರ್ಣಿಸಿದ. ಅರಿವಳಿಕೆ ಇಲ್ಲದ ಕಾಲ. ಇದು ಸುಮಾರು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಬಾಯಿಯ ಹೊಲಸೆಲ್ಲ ಆ ತೂತಿನಿಂದ ಮೇಲಕ್ಕೆ ಹೋಗುವ ಅಪಾಯ ಇದ್ದೇ ಇತ್ತು. 1880ರ ದಶಕದಲ್ಲಿ ಮಿಕುಲಿಚ್ ಎಂಬ ಪ್ರಖ್ಯಾತ ಶಸ್ತ್ರವೈದ್ಯ ಬಾಯನ್ನು ಬಿಟ್ಟು ಮೂಗಿನ ಒಳಗಿನಿಂದಲೇ, ಕುಳಿಯ ತಳದ ಮಟ್ಟಕ್ಕೆ ರಂಧ್ರ ಕೊರೆಯುವ ದಾರಿ ತೋರಿಸಿದ. 1893ರಲ್ಲಿ ಅಮೆರಿಕದ ಜಾರ್ಜ್ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಆನ್ರಿ ಲ್ಯುಕ್ ಒಬ್ಬರನ್ನೊಬ್ಬರು ಅರಿಯದೆ ಒಂದೇ ಶಸ್ತ್ರಕ್ರಿಯೆಯನ್ನು ರೂಪಿಸಿದರು: ಮೇಲ್ದುಟಿಯನ್ನೆತ್ತಿ, ವಸಡಿನ ಮೇಲೆ ಕೊಯ್ದು, ಕೆನ್ನೆಯ ಮೂಳೆಗೆ ಕಿಟಕಿ ತೆರೆದು, ಒಳಪೊರೆಯನ್ನೆಲ್ಲ ಕೆರೆದು ತೆಗೆದು, ತಳದಲ್ಲಿ ಮೂಗಿಗೆ ತೂಬು ಬಿಡುವುದು. ಕಾಲ್ಡ್‌ವೆಲ್-ಲ್ಯುಕ್ ಎಂಬ ಈ ಜೋಡಿ ಹೆಸರು ಮುಂದಿನ ಎಂಬತ್ತು ವರ್ಷ ಜಗತ್ತಿನ ಎಲ್ಲ ವೈದ್ಯ ವಿದ್ಯಾಲಯಗಳಲ್ಲೂ ಮೊಳಗಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಓದಿ ಇಲ್ಲಿಗೆ ಬಂದ ನಮ್ಮ ಹಿರಿಯ ವೈದ್ಯರೆಲ್ಲರೂ ಪರೀಕ್ಷೆಗಾಗಿ ಅದನ್ನು ಉರುಹೊಡೆದವರೇ. ಮೂಗಿನೊಳಗಿನಿಂದ ದಪ್ಪ ಸೂಜಿ ಚುಚ್ಚಿ ಉಪ್ಪುನೀರಿನಿಂದ ತೊಳೆಯುವ 'ಆಂಟ್ರಲ್ ವಾಷ್' ಮಾಡಿಸಿಕೊಂಡ ಹಿರಿಯರೂ ನಮ್ಮ ನಡುವೆ ಇದ್ದಾರೆ. ಮೂಳೆ ಕಟಕ್ಕೆಂದ ಸದ್ದನ್ನು ಅವರು ಮರೆತಿರಲಾರರು.

ಹಣೆಯ ಮತ್ತು ಕಣ್ಣುಗಳ ನಡುವಿನ ಸೈನಸ್ಸುಗಳ ಪಾಡು ಇನ್ನೂ ಕಷ್ಟ. ಜರ್ಮನಿಯ ರೀಡೆಲ್ ಹೆಸರಿನ ಶಸ್ತ್ರಕ್ರಿಯೆಯಲ್ಲಿ ಹಣೆಯ ಮುಂದಿನ ಮೂಳೆಯನ್ನೇ ತೆಗೆದುಬಿಡುತ್ತಿದ್ದರು. ರೋಗಿ ಬದುಕುತ್ತಿದ್ದ, ಹಣೆ ಮಾತ್ರ ಗುಳಿಬಿದ್ದು ಹೋಗುತ್ತಿತ್ತು. ಮೂಗಿನ ಮೂಲಕ ಕಣ್ಣುಗಳ ನಡುವಿನ ಕೋಶಗಳಿಗೆ ಕೈಹಾಕುವುದು ರೋಗಿಯನ್ನು ಕೊಲ್ಲುವ ಅತಿ ಸುಲಭ ಉಪಾಯಗಳಲ್ಲೊಂದು ಎಂಬರ್ಥದ ಮಾತನ್ನು ಬಾಸ್ಟನ್ನಿನ ಹ್ಯಾರಿಸ್ ಮೋಷರ್ 1929ರಲ್ಲಿ ಆಡಿದ. ಆ ಮಾರ್ಗವನ್ನು ಆಳವಾಗಿ ಅಭ್ಯಾಸ ಮಾಡಿದವನು ಆತನೇ ಆದುದರಿಂದ ಆ ಮಾತಿಗೆ ತೂಕವಿತ್ತು. ಇಷ್ಟು ಅಪಾಯಕ್ಕೆ ಏಕೆ ತಲೆಕೊಡಬೇಕಾಗಿತ್ತೆಂದರೆ, ಸುಮ್ಮನಿದ್ದರೂ ಸಾವು ಇತ್ತು. ಕೀವು ಮೆದುಳಿನ ಪೊರೆಗೆ ಹಬ್ಬಿದರೆ ಆ ಕಾಲದಲ್ಲಿ ಉಳಿದವರು ವಿರಳ.

ಇಷ್ಟೆಲ್ಲ ನಡೆದ ಮೇಲೆಯೂ ಅನೇಕ ರೋಗಿಗಳು ಗುಣವಾಗುತ್ತಿರಲಿಲ್ಲ. ತಳದಲ್ಲಿ ದೊಡ್ಡ ತೂಬೇ ತೆರೆದಿದ್ದರೂ ಲೋಳೆ ಅದರಿಂದ ಇಳಿಯುತ್ತಿರಲಿಲ್ಲ. ಏಕೆ? ಶಸ್ತ್ರವೈದ್ಯರು ನೀರಗಂಟಿಯಂತೆ ಯೋಚಿಸಿದ್ದರು. ನೀರು ತಗ್ಗಿಗೆ ಹರಿಯುತ್ತದೆ ಎಂದು ನಂಬಿದ್ದರು. ದೇಹದ ವ್ಯವಸ್ಥೆ ಬೇರೆ. ಸೈನಸ್ಸಿನ ಒಳಪೊರೆಯ ತುಂಬ ಸಿಲಿಯ ಎಂಬ ಅತಿಸೂಕ್ಷ್ಮ ಲೋಮಾಂಗಗಳಿವೆ. ಅವು ಸೆಕೆಂಡಿಗೆ ಹತ್ತು-ಹದಿನೈದು ಬಾರಿ ಒಂದೇ ದಿಕ್ಕಿಗೆ ಬೀಸುತ್ತ, ಲೋಳೆಯ ತೆಳುಹಾಸನ್ನು ನೆಲದಿಂದ ಗೋಡೆಗೆ, ಗೋಡೆಯಿಂದ ಮೇಲಿನ ಸಹಜ ಬಾಗಿಲಿಗೆ ಎತ್ತಿಕೊಂಡು ಹೋಗುತ್ತವೆ. ಭೂಮಿಯ ಸೆಳೆತಕ್ಕೆ ವಿರುದ್ಧವಾಗಿ, ಗಾಳಿಗೆ ಬಾಗುವ ಪೈರಿನ ಗದ್ದೆಯಂತೆ. ಮಿನೆಸೋಟಾದ ಡುಲೂತ್ ನಗರದ ಆಂಡರ್ಸನ್ ಹಿಲ್ಡಿಂಗ್ 1930ರ ದಶಕದಲ್ಲಿಯೇ ಈ ಲೋಮಾಂಗಗಳ ಚಲನೆಯನ್ನು ಅಧ್ಯಯನ ಮಾಡಿದ್ದ. ಅದನ್ನು ಪೂರ್ಣಗೊಳಿಸಿದವನು ಆಸ್ಟ್ರಿಯದ ಗ್ರಾಟ್ಸ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್. ವ್ಯಕ್ತಿ ಸತ್ತ ಮೇಲೂ ಲೋಮಾಂಗಗಳು ಕೆಲಕಾಲ ಬಡಿಯುತ್ತಲೇ ಇರುತ್ತವೆ. ಆಗ ತಾನೇ ತೀರಿಕೊಂಡವರ ಸೈನಸ್ಸುಗಳಲ್ಲಿ ಲೋಳೆ ಹರಿಯುವ ದಾರಿಯನ್ನು ಆತ ವರ್ಷಗಟ್ಟಲೆ ಗುರುತಿಸುತ್ತ ಹೋದ. ಕಂಡದ್ದಿಷ್ಟು: ತಳದಲ್ಲಿ ತೂಬು ಕೊರೆದಿದ್ದರೂ ಲೋಳೆ ಅದರ ಪಕ್ಕದಲ್ಲೇ ಹಾದು ಮೇಲಿನ ಹಳೆಯ ಬಾಗಿಲಿನ ಕಡೆಗೇ ಹೋಗುತ್ತದೆ! ಒಳಪೊರೆಯನ್ನು ಕೆರೆದು ತೆಗೆದದ್ದಂತೂ ಜಾಡಮಾಲಿಯನ್ನೇ ಕೆಲಸದಿಂದ ತೆಗೆದಂತೆ ಆಗಿತ್ತು. ಬಹುಪಾಲು ರೋಗದ ಮೂಲ ಕುಳಿಯಲ್ಲಿಲ್ಲ, ಮೂಗಿನ ಪಾರ್ಶ್ವದ ಇಕ್ಕಟ್ಟಾದ ಓಣಿಯಲ್ಲಿದೆ. ಆ ಓಣಿಯನ್ನು ಬಿಡಿಸಿದರೆ ದೊಡ್ಡ ಕುಳಿಗಳು ತಾವಾಗಿಯೇ ಗುಣವಾಗುತ್ತವೆ ಎಂಬುದು ಆತನ ಸಿದ್ಧಾಂತ. ನಮ್ಮಲ್ಲಿ ಕೆರೆಯ ಕೋಡಿಯ ಬಾಯಲ್ಲಿ ಬೆಳೆದ ಜೊಂಡು ಕೀಳುವುದನ್ನು ಬಿಟ್ಟು ಏರಿಯನ್ನು ಒಡೆದ ಹಾಗೆ ಎಂಬತ್ತು ವರ್ಷ ನಡೆದಿತ್ತು.

ಆ ಓಣಿಯನ್ನು ಕಣ್ಣಾರೆ ನೋಡುವುದು ಹೇಗೆ? ಬರ್ಲಿನ್ನಿನ ಹಿರ್ಷ್‌ಮನ್ 1901ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನೇ ಬದಲಿಸಿಕೊಂಡು, ಹಲ್ಲಿನ ಗುಳಿಯಿಂದ ಸೈನಸ್ಸಿನೊಳಗೆ ಇಣುಕಿದ್ದ, ಕಂಡದ್ದು ಮಸುಕು. ಬ್ರಿಟನ್ನಿನ ಭೌತವಿಜ್ಞಾನಿ ಹೆರಾಲ್ಡ್ ಹಾಪ್ಕಿನ್ಸ್ ಗಾಜಿನ ಕಡ್ಡಿಗಳನ್ನೇ ಮಸೂರಗಳಾಗಿ ಜೋಡಿಸುವ ಹೊಸ ವಿನ್ಯಾಸವನ್ನು ರೂಪಿಸಿದ. 1960ರ ದಶಕದಲ್ಲಿ ಜರ್ಮನಿಯ ಕಾರ್ಲ್ ಸ್ಟೋರ್ಟ್ಸ್ ಅದನ್ನು ತಯಾರಿಸಿ ಮಾರುಕಟ್ಟೆಗೆ ತಂದ. ಪೆನ್ಸಿಲಿಗಿಂತಲೂ ಸಪೂರವಾದ ಈ ದುರ್ಬೀನಿಗೆ ಬಿಸಿಯಿಲ್ಲದ ಬೆಳಕನ್ನು ಹೊತ್ತು ತರುವುದು ಗಾಜಿನ ಎಳೆಗಳ ಹುರಿ. ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಲಂಡನ್ನಿನಲ್ಲಿ ಹಾಪ್ಕಿನ್ಸನೊಡನೆ ಸೇರಿ 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ ಯುವಕ ಪಂಜಾಬಿನ ಮೋಗಾದವನು, ಆಗ್ರಾದಲ್ಲಿ ಓದಿದವನು: ನರಿಂದರ್ ಸಿಂಗ್ ಕಪಾನಿ. ಮರುವರ್ಷವೇ ಅಮೆರಿಕಕ್ಕೆ ಬಂದು ಕ್ಯಾಲಿಫೋರ್ನಿಯದಲ್ಲಿ ನೆಲೆಸಿ, 2020ರಲ್ಲಿ ತೀರಿಕೊಂಡ ಅವರಿಗೆ ಭಾರತ ಸರ್ಕಾರ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತಿತು. ನಮ್ಮಂತೆಯೇ ಗಡಿದಾಟಿ ಬಂದವರೊಬ್ಬರ ಪಾಲು ಈ ಕಥೆಯಲ್ಲಿ ಇರುವುದನ್ನು ಇಂತಹ ಸಮ್ಮೇಳನದಲ್ಲಿ ನೆನೆಯದಿರುವುದು ಹೇಗೆ?

ಮೆಸ್ಸರ್‌ಕ್ಲಿಂಗರನ ಇಂಗ್ಲಿಷ್ ಗ್ರಂಥ 1978ರಲ್ಲಿ ಬಂದಿತು. ಆತನ ಶಿಷ್ಯ ಹೈನ್ಸ್ ಸ್ಟಾಂಬರ್ಗರ್, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸಿನ ಡೇವಿಡ್ ಕೆನಡಿ ಇವರು 1985ರಿಂದೀಚೆಗೆ ಈ ವಿದ್ಯೆಯನ್ನು ಜಗತ್ತಿಗೆಲ್ಲ ಹರಡಿದರು. 1971ರಲ್ಲಿ ಮೊದಲ ಬಾರಿಗೆ ರೋಗಿಯ ಮೇಲೆ ಬಳಕೆಯಾದ ಸಿ.ಟಿ. ಸ್ಕ್ಯಾನ್ ಅಷ್ಟು ಹೊತ್ತಿಗೆ ಪ್ರಬುದ್ಧವಾಗಿತ್ತು. ಓಣಿಯ ನಕ್ಷೆ ಮೊದಲೇ ಕೈಗೆ ಸಿಗುತ್ತಿತ್ತು. ಕಾಲ್ಡ್‌ವೆಲ್-ಲ್ಯುಕ್ ಮೂಲೆ ಸೇರಿತು. ಕಣ್ಣು, ಮೆದುಳುಗಳ ನೆರೆ ಮಾತ್ರ ಬದಲಾಗಿಲ್ಲವಾದುದರಿಂದ ಮೋಷರನ ಎಚ್ಚರಿಕೆಯನ್ನು ಒಳ್ಳೆಯ ಶಸ್ತ್ರವೈದ್ಯರು ಇಂದಿಗೂ ಮರೆತಿಲ್ಲ.

ಔಷಧಿಗಳ ಕಥೆಗೂ ಮೂಗಿಗೂ ಒಂದು ತಮಾಷೆಯ ನಂಟಿದೆ. 1921ರಲ್ಲಿ ನೆಗಡಿಯಾಗಿದ್ದಾಗ ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನದೇ ಸಿಂಬಳವನ್ನು ಬ್ಯಾಕ್ಟೀರಿಯ ಬೆಳೆದ ತಟ್ಟೆಗೆ ಹಾಕಿ ನೋಡಿದ. ಅದರ ಸುತ್ತಲಿನ ಬ್ಯಾಕ್ಟೀರಿಯಗಳು ಕರಗಿಹೋದುವು. ಲೈಸೊಜೈಮ್ ಎಂಬ ರಕ್ಷಕ ವಸ್ತು ಹಾಗೆ ಪತ್ತೆಯಾಯಿತು. ಏಳು ವರ್ಷಗಳ ಅನಂತರ, 1928ರಲ್ಲಿ, ಇನ್ನೊಂದು ತಟ್ಟೆಯಲ್ಲಿ ಬೂಷ್ಟಿನ ಸುತ್ತ ಅದೇ ಬಗೆಯ ಬಯಲನ್ನು ಕಂಡಾಗ ಅದರ ಅರ್ಥ ಆತನ ಪಳಗಿದ ಕಣ್ಣಿಗೆ ಥಟ್ಟನೆ ಹೊಳೆಯಿತು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಮೊದಲ ರೋಗಿಗೆ ಪೆನಿಸಿಲಿನ್ ಕೊಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಸೈನಸ್ಸಿನ ಕೀವಿನಿಂದ ಸಾಯುವವರ ಸಂಖ್ಯೆ ಬಹಳವಾಗಿ ಇಳಿಯಿತು.

ವರ ಕೊಟ್ಟ ದೇವರನ್ನು ದಿನವೂ ಕರೆಯುವ ಅಭ್ಯಾಸ ಆಗ ಬೆಳೆಯಿತು. ಮೂಗು ಕಟ್ಟಿದರೆ ಆಂಟಿಬಯಾಟಿಕ್. ವೈದ್ಯರು ಬರೆಯದಿದ್ದರೆ ರೋಗಿಗೆ ಅಸಮಾಧಾನ. ಭಾರತಕ್ಕೆ ಹೋದಾಗ ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಕೊಂಡು ತಂದು ಪೆಟ್ಟಿಗೆಯಲ್ಲಿ ಕೂಡಿಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ನೆಗಡಿಗೆ ಕಾರಣ ವೈರಸ್ಸು. ಅದರಲ್ಲಿ ನೂರಕ್ಕೆ ಒಂದೆರಡು ಮಾತ್ರ ಬ್ಯಾಕ್ಟೀರಿಯದ ಸೋಂಕಾಗಿ ತಿರುಗುತ್ತವೆ. ಸೇಂಟ್ ಲೂಯಿಸ್ಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತೀವ್ರ ಸೈನಸೈಟಿಸ್ ಎಂದು ಗುರುತಿಸಿದ 166 ಜನರಿಗೆ ಹತ್ತು ದಿನ ಅಮಾಕ್ಸಿಸಿಲಿನ್ ಅಥವಾ ಬರಿಯ ಹುಸಿಗುಳಿಗೆಯನ್ನು ಕೊಡಲಾಯಿತು. ಮೂರನೆಯ ದಿನ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. ಏಳನೆಯ ದಿನ ತುಸು ಇತ್ತು. ಹತ್ತನೆಯ ದಿನ ಮತ್ತೆ ಇಲ್ಲ. ಹತ್ತು ದಿನ ಕಳೆದರೂ ಇಳಿಯದಿದ್ದರೆ, ಅಥವಾ ಇಳಿದಂತಾಗಿ ಮತ್ತೆ ಉಲ್ಬಣಿಸಿದರೆ ಮಾತ್ರ ಬ್ಯಾಕ್ಟೀರಿಯವನ್ನು ಶಂಕಿಸಬೇಕೆಂಬುದು ಈಗಿನ ಮಾರ್ಗಸೂಚಿ.

ಮುಲಾಮುಗಳ ಮಾತು. ಕಾಶೀನಾಥುನಿ ನಾಗೇಶ್ವರರಾಯರು 1893ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಅಮೃತಾಂಜನದ ಪುಟ್ಟ ಬಾಟಲಿ ಬೆಂಗಳೂರಿನಿಂದ ಬರುವ ಯಾವ ಸೂಟ್‌ಕೇಸಿನಲ್ಲಿಲ್ಲ? ಮೆಂಥಾಲ್ ಮೂಗಿನ ದಾರಿಯನ್ನು ಕೂದಲೆಳೆಯಷ್ಟೂ ಅಗಲಿಸುವುದಿಲ್ಲ ಎಂದು ಅಳೆದು ನೋಡಿದವರು ಹೇಳುತ್ತಾರೆ. ಅದು ತಂಪನ್ನರಿಯುವ ನರಗಳನ್ನು ಕೆಣಕಿ, ಗಾಳಿ ಸರಾಗವಾಗಿ ಹೋಗುತ್ತಿದೆಯೆಂಬ ಭಾವನೆಯನ್ನು ಹುಟ್ಟಿಸುತ್ತದೆ. ಭಾವನೆಯಾದರೂ ಸರಿಯೇ, ರಾತ್ರಿ ನಿದ್ದೆ ಬಂದರೆ ಸಾಕೆನ್ನುವವರೊಡನೆ ನನ್ನ ಜಗಳವಿಲ್ಲ. ಮೂಗಿಗೆ ಬಿಡುವ ಹನಿಗಳ ವಿಚಾರ ಹಾಗಲ್ಲ. ರಕ್ತನಾಳಗಳನ್ನು ಕುಗ್ಗಿಸುವ ಆ ಹನಿಗಳನ್ನು ನಾಲ್ಕಾರು ದಿನ ಮೀರಿ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಿ, ಹನಿಗಳಿಲ್ಲದೆ ಬದುಕಲಾರದ ಸ್ಥಿತಿ ಬರುತ್ತದೆ. ಇನ್ನು ಹಬೆ: 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪರೀಕ್ಷೆಯಲ್ಲಿ ಹಬೆಯಿಂದ ಹೇಳಿಕೊಳ್ಳುವಂತಹ ಪ್ರಯೋಜನ ಕಾಣಲಿಲ್ಲ, ಉಪ್ಪುನೀರಿನಿಂದ ಮೂಗು ತೊಳೆದವರಿಗೆ ಅಷ್ಟಿಷ್ಟು ಗುಣ ಕಂಡಿತು. ಕಂಬಳಿ ಹೊದ್ದು ಕುದಿನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸುವುದಂತೂ ಬೇಡ. ಸುಟ್ಟ ಗಾಯಗಳಾಗಿ ಆಸ್ಪತ್ರೆಗೆ ಬಂದ ಮಕ್ಕಳುಂಟು.

ಮೂಗು ತೊಳೆಯುವುದೆಂದರೆ ನೇತಿ. ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ, ಅನಂತರದ ಘೇರಂಡ ಸಂಹಿತೆಯಲ್ಲಿ ಬರುವ ನೇತಿ ನೀರಿನದಲ್ಲ, ದಾರದ್ದು. ಮೂಗಿನಿಂದ ತೂರಿಸಿ ಬಾಯಿಂದ ಎಳೆಯುವಂಥದು. ಗ್ರೀಸಿನ ಹಿಪೊಕ್ರೇಟಿಸನ ಪರಂಪರೆಯವರು ಮೂಗಿನ ದುರ್ಮಾಂಸವನ್ನು ಕೀಳಲು ದಾರಕ್ಕೆ ಸ್ಪಂಜು ಕಟ್ಟಿ ಇದೇ ದಾರಿಯಲ್ಲಿ ಎಳೆಯುತ್ತಿದ್ದರೆಂಬುದು ಸ್ವಾರಸ್ಯದ ಸಂಗತಿ. ಗಿಂಡಿಯಿಂದ ನೀರು ಬಿಡುವ ಜಲನೇತಿ ಯೋಗಾಶ್ರಮಗಳ ಮೂಲಕ ಇಪ್ಪತ್ತನೆಯ ಶತಮಾನದಲ್ಲಿ ಜನಪ್ರಿಯವಾಯಿತು. ಸ್ವಾಮಿ ರಾಮರು ಕಟ್ಟಿದ ಹಿಮಾಲಯನ್ ಇನ್‌ಸ್ಟಿಟ್ಯೂಟ್ ಪಿಂಗಾಣಿಯ ಗಿಂಡಿಗಳನ್ನು ಅಮೆರಿಕದಲ್ಲಿ ಮಾರತೊಡಗಿತು. 2002ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ರಬಾಗೊ ಮತ್ತು ಸಂಗಡಿಗರು 76 ರೋಗಿಗಳ ಮೇಲೆ ಆರು ತಿಂಗಳ ಪರೀಕ್ಷೆ ನಡೆಸಿ, ದಿನವೂ ಉಪ್ಪುನೀರಿನಿಂದ ತೊಳೆದವರಿಗೆ ಕಾಟ ಕಡಿಮೆಯಾಗಿ ಆಂಟಿಬಯಾಟಿಕ್‌ಗಳ ಬಳಕೆಯೂ ಇಳಿಯಿತೆಂದು ತೋರಿಸಿದರು. 2007ರಲ್ಲಿ ಓಪ್ರಾ ವಿನ್‌ಫ್ರೀಯ ಟೆಲಿವಿಷನ್ ಕಾರ್ಯಕ್ರಮದಲ್ಲಿ ಗಿಂಡಿ ಕಾಣಿಸಿಕೊಂಡಿದ್ದೇ ತಡ, ಅದು ಅಮೆರಿಕದ ಔಷಧಿ ಅಂಗಡಿಗಳಲ್ಲೆಲ್ಲ ಬಂದು ಕುಳಿತಿತು. ನಾವು ಊರಿನಲ್ಲಿ ಬಿಟ್ಟುಬಂದದ್ದನ್ನು ಇಲ್ಲಿ ಹತ್ತಾರು ಡಾಲರು ತೆತ್ತು ಕೊಳ್ಳುವಂತಾಯಿತು.

ನೀರಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. 2011ರಲ್ಲಿ ಲೂಸಿಯಾನದಲ್ಲಿ ನಲ್ಲಿಯ ನೀರಿನಿಂದ ಮೂಗು ತೊಳೆದ ಇಬ್ಬರು ನೆಗ್ಲೇರಿಯ ಎಂಬ ಅಮೀಬ ಮೆದುಳಿಗೇರಿ ತೀರಿಕೊಂಡರು. ಕುಡಿಯಲು ಯೋಗ್ಯವಾದ ನೀರು ಮೂಗಿಗೆ ಯೋಗ್ಯವಲ್ಲ. ಬಟ್ಟಿ ಇಳಿಸಿದ ನೀರನ್ನಾಗಲಿ, ಒಂದು ನಿಮಿಷ ಕುದಿಸಿ ಆರಿಸಿದ ನೀರನ್ನಾಗಲಿ ಬಳಸಬೇಕು. 6,500 ಅಡಿಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ ಕುದಿಸಬೇಕು. ಲೀಟರಿಗೆ 9 ಗ್ರಾಂ ಉಪ್ಪು ನಮ್ಮ ರಕ್ತದ ಹದಕ್ಕೆ ಸಮ, ಮೂಗು ಉರಿಯುವುದಿಲ್ಲ.

ಕೊನೆಯದಾಗಿ 2021ರ ಬೇಸಗೆಯ ಮಾತು. ಕೋವಿಡ್ಡಿನ ಎರಡನೆಯ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರವೆಂದು ಜನ ಕರೆದ ಮ್ಯೂಕರ್ ರೋಗ ಭಾರತದಲ್ಲಿ ಎರಗಿತು. ಅದು ಹೊಕ್ಕುವುದು ಸೈನಸ್ಸುಗಳ ಮೂಲಕ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದವರಲ್ಲಿ, ಅದರ ಮೇಲೆ ಸ್ಟಿರಾಯ್ಡ್ ಪಡೆದವರಲ್ಲಿ ರಕ್ತನಾಳಗಳನ್ನೇ ಕೊರೆಯುತ್ತ ದಿನಗಳಲ್ಲೇ ಕಣ್ಣಿಗೆ, ಮೆದುಳಿಗೆ ಹಬ್ಬಿತು. ಜೂನ್ ಕೊನೆಯ ವೇಳೆಗೆ ದೇಶದಲ್ಲಿ 40,000ಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಅದರ ಚಿಕಿತ್ಸೆಗೆ ಗೊತ್ತುಮಾಡಲಾಯಿತು. ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಹಾಹಾಕಾರವೆದ್ದಿತು. ಅಲ್ಲಿಂದ ಸಿಗಬಹುದೇ ಎಂದು ಇಲ್ಲಿಯ ನೆಂಟರನ್ನು ಕೇಳಿದ ಮನೆಗಳೂ ಇದ್ದುವು. ಔಷಧಿಯೊಂದರಿಂದಲೇ ಆಗದ ಕೆಲಸವದು. ಸತ್ತ ಅಂಗಾಂಶವನ್ನು ಕೊನೆಯ ಚೂರಿನವರೆಗೆ ತೆಗೆಯಬೇಕು. ನಮ್ಮ ಕಿವಿ-ಮೂಗು-ಗಂಟಲು ವೈದ್ಯರು ರಕ್ಷಾಕವಚ ತೊಟ್ಟು ಹಗಲಿರುಳು ಆ ಕೆಲಸ ಮಾಡಿದಾಗ ಅವರ ಕೈಯಲ್ಲಿದ್ದುದು ಹಾಪ್ಕಿನ್ಸನ ಗಾಜಿನ ಕಡ್ಡಿ, ಅವರು ಹಿಡಿದ ದಾರಿ ಗ್ರಾಟ್ಸ್ ನಗರದವರು ತೋರಿಸಿದ ದಾರಿ. ಕಣ್ಣನ್ನು ಕಳೆದುಕೊಂಡು ಜೀವ ಉಳಿಸಿಕೊಂಡವರು ಎಷ್ಟೋ ಮಂದಿ. ಆ ಅಲೆ ಇಳಿಯಿತು, ರೋಗ ಇಲ್ಲವಾಗಿಲ್ಲ. ಸಕ್ಕರೆ ಕಾಯಿಲೆ ನಮ್ಮವರಲ್ಲಿ ಹೆಚ್ಚು. ಅಂತಹವರಿಗೆ ಕೆನ್ನೆ ಮರಗಟ್ಟಿದರೆ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ, ರೆಪ್ಪೆ ಊದಿ ಒಂದು ಎರಡಾಗಿ ಕಾಣತೊಡಗಿದರೆ ಅದು ಕಷಾಯ ಕುದಿಸುತ್ತ ಕೂರುವ ಹೊತ್ತಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.